ಹರ್ಮನ್ ಮುಲ್ಲರ್: ವಂಶವಾಹಿಯ ಮೇಲೆ ಕಿರಣ ಹಾಯಿಸಿದ ವಿಜ್ಞಾನಿ

ಕಳಿತ ಬಾಳೆಹಣ್ಣನ್ನು ಒಂದು ದಿನ ಹೊರಗಿಟ್ಟರೆ ಸಾಕು, ಎಳ್ಳುಕಾಳಿನಷ್ಟೇ ಇರುವ ಕೆಂಗಣ್ಣಿನ ಸಣ್ಣ ನೊಣಗಳು ಎಲ್ಲಿಂದಲೋ ಬಂದು ಮುತ್ತುತ್ತವೆ. ಮಾವು, ಹಾಗಲ, ಹೀರೆಯ ಕಾಯಿಗಳನ್ನು ಚುಚ್ಚಿ ಹಾಳುಗೆಡಹುವ ಹಣ್ಣುನೊಣ ಇದಲ್ಲ. ಕೊಳೆಯುವ ಹಣ್ಣಿನ ಹುಳಿಯನ್ನು ನೆಚ್ಚಿ ಬದುಕುವ, ಬೆಳೆಗೆ ಕೇಡು ಮಾಡದ ಬೇರೊಂದು ಜಾತಿ. ವಿಜ್ಞಾನಿಗಳು ಇದನ್ನು ಡ್ರೊಸೊಫಿಲ ಎಂದು ಕರೆಯುತ್ತಾರೆ. ಸುಮಾರು ನೂರು ವರ್ಷಗಳ ಹಿಂದೆ ಅಮೆರಿಕದ ಪ್ರಯೋಗಾಲಯಗಳಲ್ಲಿ ಈ ನೊಣಗಳನ್ನು ಹಾಲಿನ ಸೀಸೆಗಳಲ್ಲಿಟ್ಟು, ಬಾಳೆಹಣ್ಣನ್ನು ಉಣಿಸಿ ಸಾಕುತ್ತಿದ್ದರು. ಹಾಗೆ ಸಾಕಿದ ನೊಣಗಳ ಮೇಲೆ ಕ್ಷ-ಕಿರಣ ಹಾಯಿಸಿ, ಜೀವಿಗಳ ವಂಶಗುಣವನ್ನು ಮನುಷ್ಯಪ್ರಯತ್ನದಿಂದ ಬದಲಿಸಬಹುದೆಂದು ಮೊದಲು ಸಿದ್ಧಪಡಿಸಿ ತೋರಿಸಿದವರು ಹರ್ಮನ್ ಜೋಸೆಫ್ ಮುಲ್ಲರ್. ಇಂದು ಅಂಗಾಂಶ ಕೃಷಿಯ ಬಾಳೆಸಸಿಗಳ ಮೇಲೆ ಗಾಮಾ ಕಿರಣ ಹಾಯಿಸಿ ಹೊಸ ತಳಿಗಳನ್ನು ಹುಡುಕುವ ಕೆಲಸದ ಬೇರು ಅಲ್ಲಿದೆ.

ಈ ಸಂಗತಿ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಬೆಳೆಗಾರರಿಗೆ ದೂರದ್ದಲ್ಲ. ಕಪಿಲಾ ನದಿಯ ದಂಡೆಯ, ವಿಶೇಷವಾಗಿ ದೇವರಸನಹಳ್ಳಿ ಸುತ್ತಿನ ಮಣ್ಣಿನಲ್ಲಿ ಬೆಳೆದು ಹೆಸರಾದ ನಂಜನಗೂಡು ರಸಬಾಳೆಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. ಆದರೆ ಪನಾಮಾ ಸೊರಗು ರೋಗದಿಂದಾಗಿ ಅದರ ವಿಸ್ತೀರ್ಣ ಕುಗ್ಗುತ್ತಲೇ ಬಂದಿದೆ. ಮಣ್ಣಿನಲ್ಲಿ ಹತ್ತಾರು ವರ್ಷ ಉಳಿಯಬಲ್ಲ ಫ್ಯುಸೇರಿಯಂ ಶಿಲೀಂಧ್ರ ಬೇರಿನ ಮೂಲಕ ಒಳಹೊಕ್ಕು ನೀರು ಸಾಗುವ ನಾಳಗಳನ್ನು ಕಟ್ಟಿಹಾಕುತ್ತದೆ. ಕೆಳಗಿನ ಎಲೆಗಳು ಹಳದಿಯಾಗಿ, ತೊಟ್ಟಿನ ಬಳಿ ಮುರಿದು ದಿಂಡಿನ ಸುತ್ತ ಜೋತುಬೀಳುತ್ತವೆ; ದಿಂಡು ಸೀಳುತ್ತದೆ; ಕತ್ತರಿಸಿದರೆ ಒಳಗೆ ಕಂದುಬಣ್ಣದ ಉಂಗುರಗಳು ಕಾಣುತ್ತವೆ. ಒಮ್ಮೆ ತಗುಲಿದ ಗಿಡವನ್ನು ಉಳಿಸುವ ಔಷಧವಿಲ್ಲ.

ರೋಗನಿರೋಧಕ ತಳಿಯನ್ನು ಸಂಕರಣದಿಂದ ಪಡೆಯೋಣವೆಂದರೆ ರಸಬಾಳೆಯಲ್ಲಿ ಬೀಜವೇ ಇಲ್ಲ. ಅದರ ಜೀವಕೋಶಗಳಲ್ಲಿ 11ರಂತೆ ಮೂರು ಜೊತೆ, ಒಟ್ಟು 33 ವರ್ಣತಂತುಗಳಿವೆ. ಹೀಗಿರುವ ಗಿಡ ಸಾಮಾನ್ಯವಾಗಿ ಬಂಜೆ. ಭತ್ತದಲ್ಲಿ, ರಾಗಿಯಲ್ಲಿ ಎರಡು ತಳಿಗಳನ್ನು ಬೆರೆಸಿದಂತೆ ಇಲ್ಲಿ ಬೆರೆಸಲಾಗದು. ಕಂದಿನಿಂದ ಕಂದು, ಅದರಿಂದ ಇನ್ನೊಂದು ಕಂದು ಎಂದು ತಲೆಮಾರುಗಳಿಂದ ಬಂದ ಎಲ್ಲ ರಸಬಾಳೆ ಗಿಡಗಳೂ ಬಹುಮಟ್ಟಿಗೆ ಒಂದೇ ಗಿಡದ ಪ್ರತಿರೂಪಗಳು. ಒಂದನ್ನು ಕೊಲ್ಲಬಲ್ಲ ರೋಗ ಎಲ್ಲವನ್ನೂ ಕೊಲ್ಲಬಲ್ಲದು. ಆದುದರಿಂದಲೇ ವಿಕಿರಣದ ಮೂಲಕ ವಂಶವಾಹಿಯಲ್ಲಿ ಬದಲಾವಣೆ ತರುವ, ಅಂದರೆ ಉತ್ಪರಿವರ್ತನೆಯ ಮಾರ್ಗದತ್ತ ವಿಜ್ಞಾನಿಗಳು ತಿರುಗಿದ್ದಾರೆ. ಈ ಮಾರ್ಗದಿಂದ ಏನನ್ನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸಬಾರದು ಎಂಬುದನ್ನು ತಿಳಿಯಲು ಅದನ್ನು ತೆರೆದ ಮುಲ್ಲರ್ ಅವರ ಬದುಕಿಗಿಂತ ಉತ್ತಮ ಪಾಠವಿಲ್ಲವೆಂದು ಭಾವಿಸಿ ಅದನ್ನು ಇಲ್ಲಿ ನಿರೂಪಿಸಲಾಗಿದೆ.

ಮುಲ್ಲರ್ ಜನಿಸಿದ್ದು 1890ರ ಡಿಸೆಂಬರ್ 21ರಂದು, ನ್ಯೂಯಾರ್ಕ್ ನಗರದಲ್ಲಿ. ತಂದೆ ಲೋಹದ ಕಲಾವಸ್ತುಗಳ ಕಸುಬಿನವರು. ಮಗನಿಗೆ ಇನ್ನೂ ಹತ್ತು ತುಂಬುವ ಮೊದಲೇ, 1900ರಲ್ಲಿ, ಅವರು ತೀರಿಕೊಂಡರು. ತಾಯಿಯ ಆಸರೆಯಲ್ಲಿ, ಕೈಬಿಗಿಹಿಡಿದ ಸಂಸಾರದಲ್ಲಿ ಬೆಳೆದ ಹುಡುಗ ವಿದ್ಯಾರ್ಥಿವೇತನ ಪಡೆದು 16ನೆಯ ವಯಸ್ಸಿಗೇ ಕೊಲಂಬಿಯ ಕಾಲೇಜು ಸೇರಿದನು. 1910ರಲ್ಲಿ ಪದವಿ ಪಡೆದನು. ಆ ಹೊತ್ತಿಗೆ ಅಲ್ಲಿ ಥಾಮಸ್ ಹಂಟ್ ಮಾರ್ಗನ್ ಎಂಬ ಪ್ರಾಧ್ಯಾಪಕರು ಡ್ರೊಸೊಫಿಲ ನೊಣಗಳನ್ನು ಸಾಕಿ, ತಂದೆತಾಯಿಯ ಗುಣಗಳು ಮಕ್ಕಳಿಗೆ ಬರುವ ಬಗೆಯನ್ನು ಶೋಧಿಸುತ್ತಿದ್ದರು. ಸೀಸೆಗಳಿಂದ ತುಂಬಿದ ಆ ಕಿರಿದಾದ ಕೋಣೆ ನೊಣದ ಕೋಣೆ ಎಂದೇ ಪ್ರಸಿದ್ಧವಾಯಿತು. ವಂಶವಾಹಿಗಳು ವರ್ಣತಂತುವಿನ ಮೇಲೆ ದಾರದಲ್ಲಿ ಪೋಣಿಸಿದ ಮಣಿಗಳಂತೆ ಸಾಲಾಗಿ ನೆಲೆಸಿವೆ ಎಂಬುದು ಅಲ್ಲಿ ಸ್ಪಷ್ಟಗೊಂಡಿತು. ಜೀವನೋಪಾಯಕ್ಕಾಗಿ ಬೇರೆ ಕೆಲಸಗಳನ್ನೂ ಮಾಡುತ್ತಿದ್ದ ಮುಲ್ಲರ್ ಆ ಗುಂಪಿನಲ್ಲಿ ತಡವಾಗಿ ಸೇರಿಕೊಂಡವರು. ತಮ್ಮ ಆಲೋಚನೆಗಳಿಗೆ ತಕ್ಕ ಮನ್ನಣೆ ದೊರೆಯಲಿಲ್ಲವೆಂಬ ಕೊರಗು ಅವರನ್ನು ಬಹುಕಾಲ ಬಿಡಲಿಲ್ಲ.

ಟೆಕ್ಸಾಸ್ ಪ್ರಾಂತ್ಯದ ಹ್ಯೂಸ್ಟನ್ನಿನಲ್ಲಿ ಕೆಲಕಾಲ, ಮತ್ತೆ ಕೊಲಂಬಿಯದಲ್ಲಿ ಕೆಲಕಾಲ ಅಧ್ಯಾಪನ ಮಾಡಿ 1920ರಲ್ಲಿ ಅವರು ಆಸ್ಟಿನ್ ನಗರದ ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೆ ಬಂದರು. ಅವರನ್ನು ಕಾಡುತ್ತಿದ್ದ ಪ್ರಶ್ನೆ ಸರಳವಾಗಿತ್ತು. ಸಾಲಿನಲ್ಲಿ ಒಂದು ಗಿಡ, ಹಿಂಡಿನಲ್ಲಿ ಒಂದು ಪ್ರಾಣಿ ಒಮ್ಮೊಮ್ಮೆ ಬೇರೆಯಾಗಿ ಹುಟ್ಟುತ್ತದೆ, ಆ ಬೇರೆತನ ಮುಂದಿನ ಪೀಳಿಗೆಗೂ ಸಾಗುತ್ತದೆ. ಇಂತಹ ಬದಲಾವಣೆ ಎಷ್ಟು ಸಲ ಆಗುತ್ತದೆ? ಅದನ್ನು ಹೆಚ್ಚಿಸಲು ಸಾಧ್ಯವೇ? ಸಾವಿರಾರು ನೊಣಗಳನ್ನು ಸೂಕ್ಷ್ಮದರ್ಶಕದಡಿ ನೋಡಿದರೂ ತಾನಾಗಿ ಆಗುವ ಬದಲಾವಣೆ ಕೈಬೆರಳೆಣಿಕೆಯಷ್ಟು. ಅಷ್ಟು ವಿರಳವಾದುದನ್ನು ಎಣಿಸುವುದು ಹೇಗೆಂಬುದೇ ಮೊದಲ ತೊಡಕು.

ಮುಲ್ಲರ್ ಅವರ ಜಾಣ್ಮೆ ಬೆಳಗುವುದು ಈ ಎಣಿಕೆಯ ವಿಧಾನದಲ್ಲಿ. ಕಣ್ಣಿನ ಬಣ್ಣ, ರೆಕ್ಕೆಯ ಆಕಾರ ಮುಂತಾದ ಕಾಣುವ ಬದಲಾವಣೆಗಳನ್ನು ಅರಸುವುದಕ್ಕಿಂತ ಸಾವನ್ನು ಎಣಿಸುವುದು ಸುಲಭವೆಂದು ಅವರು ಕಂಡುಕೊಂಡರು. ಅವರು ರೂಪಿಸಿದ ವಿಶೇಷ ಹೆಣ್ಣುನೊಣಗಳ ವಂಶದಲ್ಲಿ, ಅಜ್ಜನಿಂದ ಬಂದ ಎಕ್ಸ್ ವರ್ಣತಂತುವಿನಲ್ಲಿ ಮಾರಕ ಬದಲಾವಣೆ ಆಗಿದ್ದರೆ ಮೊಮ್ಮಗಂದಿರು ಒಬ್ಬರೂ ಹುಟ್ಟುತ್ತಿರಲಿಲ್ಲ. ಸೀಸೆಯನ್ನು ಬೆಳಕಿಗೆ ಹಿಡಿದು ಒಳಗೆ ಗಂಡುನೊಣ ಇದೆಯೇ ಇಲ್ಲವೇ ಎಂದು ನೋಡಿದರೆ ಲೆಕ್ಕ ಮುಗಿಯಿತು. ನೊಣದ ಒಂದು ಪೀಳಿಗೆಗೆ ಎರಡು ವಾರ ಸಾಕು. ಬಾಳೆಯಲ್ಲಿ ಇದೇ ಪ್ರಶ್ನೆಗೆ ಉತ್ತರ ಪಡೆಯಲು ವರ್ಷಗಟ್ಟಲೆ ಕಾಯಬೇಕಾಗುತ್ತಿತ್ತು.

1926ರ ಕೊನೆಯ ತಿಂಗಳುಗಳಲ್ಲಿ ಅವರು ಗಂಡುನೊಣಗಳನ್ನು ಬೇರೆ ಬೇರೆ ಪ್ರಮಾಣದ ಕ್ಷ-ಕಿರಣಕ್ಕೆ ಒಡ್ಡಿ, ಕಿರಣ ತಾಗದ ಹೆಣ್ಣುಗಳೊಂದಿಗೆ ಕೂಡಿಸಿದರು. ಫಲಿತಾಂಶ ಸಂದೇಹಕ್ಕೆ ಎಡೆಯಿಲ್ಲದಂತಿತ್ತು. ಹೆಚ್ಚಿನ ಪ್ರಮಾಣದ ಕಿರಣ ಪಡೆದ ನೊಣಗಳಲ್ಲಿ ಉತ್ಪರಿವರ್ತನೆ ಸಹಜ ಪ್ರಮಾಣಕ್ಕಿಂತ ಸುಮಾರು 150 ಪಟ್ಟು ಏರಿತ್ತು. 1927ರ ಜುಲೈಯಲ್ಲಿ ಅವರು ಈ ಸಂಗತಿಯನ್ನು ಪ್ರಕಟಿಸಿದರು. ಅದೇ ವರ್ಷ ಬರ್ಲಿನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ತಳಿವಿಜ್ಞಾನ ಸಮ್ಮೇಳನದಲ್ಲಿ ಅಂಕಿ ಅಂಶಗಳನ್ನು ಮುಂದಿಟ್ಟರು. ಅಲ್ಲಿಂದ ಅವರ ಹೆಸರು ಲೋಕವಿಖ್ಯಾತವಾಯಿತು.

ಇಲ್ಲಿ ಇನ್ನೊಬ್ಬರನ್ನು ಸ್ಮರಿಸದೆ ಮುಂದೆ ಹೋಗುವುದು ನ್ಯಾಯವಲ್ಲ. ಮಿಸೌರಿ ವಿಶ್ವವಿದ್ಯಾಲಯದ ಲೂಯಿಸ್ ಸ್ಟ್ಯಾಡ್ಲರ್ ಅದೇ ಕಾಲದಲ್ಲಿ, ಮುಲ್ಲರ್ ಅವರನ್ನು ಅವಲಂಬಿಸದೆ, ಬಾರ್ಲಿ ಮತ್ತು ಮುಸುಕಿನ ಜೋಳದ ಮೇಲೆ ಕಿರಣ ಹಾಯಿಸಿ ಅದೇ ತೀರ್ಮಾನಕ್ಕೆ ಬಂದಿದ್ದರು. ಬೆಳೆ ಬಲಿಯಲು ನೊಣಕ್ಕಿಂತ ಹೆಚ್ಚು ದಿನ ಬೇಕಾದ್ದರಿಂದ ಅವರ ಫಲಿತಾಂಶ ಹಿಂದೆ ಬಿತ್ತು. ಬೆಳೆಗಳ ವಿಷಯದಲ್ಲಿ ಸ್ಟ್ಯಾಡ್ಲರ್ ಅವರೇ ಮೂಲಪುರುಷರು. ಆದರೂ ಈ ವಿಧಾನದಿಂದ ಉತ್ತಮ ತಳಿಗಳು ಸುಲಭವಾಗಿ ಬರುತ್ತವೆಂದು ಅವರು ನಂಬಲಿಲ್ಲ. ಕಿರಣವು ವಂಶವಾಹಿಯನ್ನು ತಿದ್ದುವುದಕ್ಕಿಂತ ಅದರ ತುಣುಕುಗಳನ್ನು ಕಿತ್ತುಹಾಕುವುದೇ ಹೆಚ್ಚೆಂದು ಜೋಳದಲ್ಲಿ ಅವರು ಕಂಡಿದ್ದರು. ಸ್ಟ್ಯಾಡ್ಲರ್ ಅವರ ಈ ಸಂದೇಹ ಪೂರ್ತಿ ನಿಜವಾಗಲಿಲ್ಲ, ಪೂರ್ತಿ ಸುಳ್ಳೂ ಆಗಲಿಲ್ಲ.

ಕೀರ್ತಿಯೊಂದಿಗೆ ಮುಲ್ಲರ್ ಅವರಿಗೆ ನೆಮ್ಮದಿ ಬರಲಿಲ್ಲ. ಆರ್ಥಿಕ ಕುಸಿತದ ಆ ವರ್ಷಗಳಲ್ಲಿ ಅವರು ಎಡಪಂಥೀಯ ವಿಚಾರಗಳತ್ತ ವಾಲಿದ್ದರು. ವಿದ್ಯಾರ್ಥಿಗಳ ಒಂದು ಪತ್ರಿಕೆಗೆ ನೆರವಾದುದರಿಂದ ಸರ್ಕಾರದ ಗುಪ್ತಚರರ ಕಣ್ಣಿಗೆ ಬಿದ್ದರು. ಸಂಸಾರವೂ ಬಿರುಕು ಬಿಟ್ಟಿತು. 1932ರಲ್ಲಿ ಅವರು ತಮ್ಮ ಪ್ರಾಣವನ್ನೇ ಕಳೆದುಕೊಳ್ಳಲು ಯತ್ನಿಸಿ ಬದುಕುಳಿದರು. ಅದೇ ವರ್ಷ ಬರ್ಲಿನ್ನಿಗೆ ತೆರಳಿದರು. ಮರುವರ್ಷ ಅಲ್ಲಿ ನಾತ್ಸಿಗಳು ಅಧಿಕಾರ ಹಿಡಿದರು. ಆಗ ರಷ್ಯದ ಮಹಾನ್ ಸಸ್ಯವಿಜ್ಞಾನಿ ನಿಕೊಲಾಯ್ ವಾವಿಲೊವ್ ಅವರ ಆಹ್ವಾನದಂತೆ ಲೆನಿನ್‌ಗ್ರಾಡಿಗೆ, ಅಲ್ಲಿಂದ ಮಾಸ್ಕೋ ನಗರಕ್ಕೆ ಹೋಗಿ ದೊಡ್ಡ ಪ್ರಯೋಗಾಲಯವೊಂದನ್ನು ಕಟ್ಟಿದರು.

ಮುಲ್ಲರ್ ಅವರ ಬದುಕಿನ ಅತ್ಯಂತ ಕಠಿಣ ಪರೀಕ್ಷೆ ನಡೆದುದು ಅಲ್ಲಿ. ಟ್ರೊಫಿಮ್ ಲೈಸೆಂಕೊ ಎಂಬ ಕೃಷಿ ಅಧಿಕಾರಿ, ಬೀಜಕ್ಕೆ ತಂಪು ಕೊಟ್ಟು, ಗಿಡವನ್ನು ಬೇರೆ ಬಗೆಯಲ್ಲಿ ಸಾಕಿದರೆ ಅದರ ವಂಶಗುಣವೇ ಬದಲಾಗುತ್ತದೆ, ವಂಶವಾಹಿಯೆಂಬುದು ಬರಿಯ ಕಲ್ಪನೆ ಎಂದು ಸಾರುತ್ತಿದ್ದನು. ಶೀಘ್ರ ಇಳುವರಿ ಬಯಸುತ್ತಿದ್ದ ಸ್ಟಾಲಿನ್ ಆಡಳಿತಕ್ಕೆ ಆ ಮಾತು ರುಚಿಸಿತು. ಇದರ ದೋಷವನ್ನು ಬಾಳೆ ಬೆಳೆಯುವವರು ಬೇಗ ಹಿಡಿಯಬಲ್ಲರು. ಗೊಬ್ಬರ, ನೀರು ಧಾರಾಳವಾಗಿ ಉಂಡ ಗಿಡದಲ್ಲಿ ದೊಡ್ಡ ಗೊನೆ ಬರುತ್ತದೆ. ಆದರೆ ಅದರ ಕಂದನ್ನು ಒಯ್ದು ಬಡಮಣ್ಣಿನಲ್ಲಿ ನೆಟ್ಟರೆ ಗೊನೆ ಮತ್ತೆ ಸಣ್ಣದೇ. ಆರೈಕೆ ಆ ಗಿಡಕ್ಕೆ ಸಂದಿತು, ವಂಶಕ್ಕೆ ಸಲ್ಲಲಿಲ್ಲ. ಅದೇ ರೀತಿ, ರೋಗವಿಲ್ಲದ ತೋಟದಲ್ಲಿ ಹಸಿರಾಗಿ ನಿಂತ ರಸಬಾಳೆ ರೋಗನಿರೋಧಕವೆಂದು ಅರ್ಥವಲ್ಲ.

1936ರ ಡಿಸೆಂಬರಿನಲ್ಲಿ ಮಾಸ್ಕೋದ ಕೃಷಿ ವಿಜ್ಞಾನ ಅಕಾಡೆಮಿಯಲ್ಲಿ, ಸಾವಿರಾರು ಜನರೆದುರು, ವಿದೇಶೀಯರಾದ ಮುಲ್ಲರ್ ಎದ್ದುನಿಂತು ಲೈಸೆಂಕೊ ವಾದವನ್ನು ಖಂಡಿಸಿದರು. ಅದರ ಬೆಲೆ ದೊಡ್ಡದಿತ್ತು. ಟೆಕ್ಸಾಸಿನಲ್ಲಿ ಅವರೊಂದಿಗೆ ಕೆಲಸ ಮಾಡಿ ಮರಳಿದ್ದ ರಷ್ಯದ ಇಬ್ಬರು ವಿಜ್ಞಾನಿಗಳಾದ ಆಗೊಲ್ ಮತ್ತು ಲೆವಿಟ್ ಅವರನ್ನು ಬಂಧಿಸಿ ಗುಂಡಿಕ್ಕಲಾಯಿತು. ಮುಲ್ಲರ್ 1937ರಲ್ಲಿ ದೇಶ ಬಿಟ್ಟು, ಅಂತರ್ಯುದ್ಧದಲ್ಲಿದ್ದ ಸ್ಪೇನಿನಲ್ಲಿ ಗಾಯಾಳುಗಳಿಗೆ ರಕ್ತ ನೀಡುವ ತಂಡದಲ್ಲಿ ಕೆಲಕಾಲ ದುಡಿದು, ಸ್ಕಾಟ್ಲೆಂಡಿನ ಎಡಿನ್‌ಬರ್ಗ್ ಸೇರಿದರು. ಜಗತ್ತಿನ ಮೂಲೆಮೂಲೆಗಳಿಂದ ಬೆಳೆತಳಿಗಳನ್ನು ಸಂಗ್ರಹಿಸಿದ್ದ ವಾವಿಲೊವ್ 1940ರಲ್ಲಿ ಬಂಧಿತರಾಗಿ, 1943ರ ಜನವರಿಯಲ್ಲಿ ಸರಾತೊವ್ ಸೆರೆಮನೆಯಲ್ಲಿ ಅನ್ನವಿಲ್ಲದೆ ಬಳಲಿ ಮೃತರಾದರು. ಅನ್ನದ ಬೀಜಗಳನ್ನು ಕೂಡಿಟ್ಟವರಿಗೆ ಇಂತಹ ಸಾವು ಬಂದುದು ಕೃಷಿ ವಿಜ್ಞಾನದ ಚರಿತ್ರೆಯಲ್ಲೇ ಅತ್ಯಂತ ನೋವಿನ ಪುಟ. ವಾವಿಲೊವ್ ಅಧ್ಯಕ್ಷತೆ ವಹಿಸಬೇಕಿದ್ದ 1939ರ ಎಡಿನ್‌ಬರ್ಗ್ ತಳಿವಿಜ್ಞಾನ ಸಮ್ಮೇಳನ ಅವರಿಲ್ಲದೆಯೇ ನಡೆಯಿತು. ಅದು ಮುಗಿಯುವ ಹೊತ್ತಿಗೆ ಎರಡನೆಯ ಮಹಾಯುದ್ಧ ಹೊಸ್ತಿಲಿಗೆ ಬಂದಿತ್ತು.

1940ರಲ್ಲಿ ಮುಲ್ಲರ್ ಅಮೆರಿಕಕ್ಕೆ ಹಿಂದಿರುಗಿದರು. ಐದು ವರ್ಷ ಆಮ್‌ಹರ್ಸ್ಟ್ ಕಾಲೇಜಿನಲ್ಲಿದ್ದು, 1945ರಲ್ಲಿ ಇಂಡಿಯಾನ ವಿಶ್ವವಿದ್ಯಾಲಯದಲ್ಲಿ ನೆಲೆ ಕಂಡುಕೊಂಡರು. ಆ ವರ್ಷದ ಆಗಸ್ಟಿನಲ್ಲಿ ಹಿರೋಶಿಮಾ, ನಾಗಸಾಕಿಗಳ ಮೇಲೆ ಅಣುಬಾಂಬ್ ಬಿದ್ದು, ವಿಕಿರಣವೆಂದರೇನೆಂದು ಜಗತ್ತೇ ಕೇಳುವಂತಾಯಿತು. ಮರುವರ್ಷ, 1946ರಲ್ಲಿ, ಮುಲ್ಲರ್ ಅವರಿಗೆ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಅವರು ಆ ಗೌರವವನ್ನು ಎಚ್ಚರಿಕೆ ನೀಡಲು ಬಳಸಿದರು. ಕಿರಣದಿಂದ ಉಂಟಾಗುವ ಬದಲಾವಣೆಗಳಲ್ಲಿ ಬಹುಪಾಲು ಕೆಡುಕಿನವೇ ಎಂಬುದು ಅವರ ಸೀಸೆಗಳು ಹೇಳಿದ್ದ ಸತ್ಯ. ಹಾಗಾಗಿ ಆಸ್ಪತ್ರೆಗಳಲ್ಲಿ ಅನಗತ್ಯವಾಗಿ ಕ್ಷ-ಕಿರಣ ಬಳಸಬಾರದು, ಬಳಸುವಾಗ ರೋಗಿಗೂ ಸಿಬ್ಬಂದಿಗೂ ರಕ್ಷಣೆ ಇರಬೇಕು ಎಂದು ಅವರು ಪಟ್ಟುಹಿಡಿದರು. 1955ರಲ್ಲಿ ಅಣ್ವಸ್ತ್ರಗಳ ವಿರುದ್ಧ ರಸೆಲ್ ಮತ್ತು ಐನ್‌ಸ್ಟೈನ್ ಹೊರಡಿಸಿದ ಹೇಳಿಕೆಗೆ ಸಹಿ ಹಾಕಿದ 11 ಮಂದಿಯಲ್ಲಿ ಅವರೂ ಒಬ್ಬರು. ಅದೇ ವರ್ಷ ಅಣುಶಕ್ತಿಯ ಶಾಂತಿಯುತ ಬಳಕೆ ಕುರಿತು ಜಿನೀವಾದಲ್ಲಿ ನಡೆದ ಸಮ್ಮೇಳನದಿಂದ ಅವರ ಪ್ರಬಂಧವನ್ನು ಅಮೆರಿಕದ ಅಣುಶಕ್ತಿ ಆಯೋಗ ಕೈಬಿಟ್ಟಿತು.

ಅವರ ಎಲ್ಲ ವಿಚಾರಗಳೂ ಒಪ್ಪತಕ್ಕವಲ್ಲ. ಆಯ್ದ ಪುರುಷರ ವೀರ್ಯವನ್ನು ಸಂಗ್ರಹಿಸಿಟ್ಟು ಮಾನವ ಕುಲವನ್ನೇ ಉತ್ತಮಪಡಿಸಬಹುದೆಂಬ ಯೋಜನೆಯನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ಜನಾಂಗ, ಅಂತಸ್ತುಗಳ ಹೆಸರಿನಲ್ಲಿ ಮನುಷ್ಯರನ್ನು ಮೇಲುಕೀಳೆಂದು ವಿಂಗಡಿಸುವುದನ್ನು ಅವರು ಖಂಡಿಸಿದ್ದರೂ, ತಳಿ ಆಯ್ಕೆಯ ತರ್ಕವನ್ನು ತೋಟದಿಂದ ಮನೆಗೆ ತರಹೊರಟದ್ದು ಅವರ ದೊಡ್ಡ ದೌರ್ಬಲ್ಯವೆಂದೇ ಹೇಳಬೇಕು. ಹೃದಯದ ಕಾಯಿಲೆಯಿಂದ ಬಳಲಿ 1967ರ ಏಪ್ರಿಲ್ 5ರಂದು ಅವರು ಇಂಡಿಯಾನಾಪೊಲಿಸ್ ನಗರದಲ್ಲಿ ನಿಧನರಾದರು.

ಅವರ ಕಾಲಾನಂತರ ಈ ವಿಧಾನ ಬೆಳೆಗಳಲ್ಲಿ ಬೇರೂರಿತು. ನಮ್ಮ ದೇಶದಲ್ಲಿ ಮುಂಬೈಯ ಟ್ರಾಂಬೆಯಲ್ಲಿರುವ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ಕ್ಷ-ಕಿರಣದಿಂದ ಪಡೆದ ಕಡಲೆಕಾಯಿಯ ಬದಲಾದ ಗಿಡಗಳಿಂದ ಆರಂಭಿಸಿ ಟಿ.ಜಿ.-1, ಟಿ.ಎ.ಜಿ.-24 ಮುಂತಾದ ತಳಿಗಳು ಬಂದವು. ಕರ್ನಾಟಕದ ರೈತರೂ ಅವುಗಳನ್ನು ಬೆಳೆದಿದ್ದಾರೆ. ಬಾಳೆಯ ವಿಷಯದಲ್ಲಿ ಆಸ್ಟ್ರಿಯದ ಸೈಬರ್ಸ್‌ಡಾರ್ಫ್ ಪ್ರಯೋಗಾಲಯದಲ್ಲಿ ಗ್ರ್ಯಾಂಡ್ ನೈನ್ ತಳಿಯ ಸುಳಿತುದಿಗಳಿಗೆ 60 ಗ್ರೇ ಪ್ರಮಾಣದ ಗಾಮಾ ಕಿರಣ ಹಾಯಿಸಿ ಪಡೆದ, ಬೇಗ ಗೊನೆ ಬಿಡುವ ಗಿಡವೊಂದು ಮಲೇಷ್ಯಾದಲ್ಲಿ ನೊವೇರಿಯ ಎಂಬ ಹೆಸರಿನಿಂದ ಬಿಡುಗಡೆಯಾಯಿತು. ನಮ್ಮಲ್ಲೂ ಭಾಭಾ ಕೇಂದ್ರ ಮತ್ತು ತಿರುಚಿರಾಪಳ್ಳಿಯ ರಾಷ್ಟ್ರೀಯ ಬಾಳೆ ಸಂಶೋಧನಾ ಕೇಂದ್ರ ಸೇರಿ, ಅದೇ ಗ್ರ್ಯಾಂಡ್ ನೈನ್‌ನಿಂದ ಕಾವೇರಿ ವಾಮನ್ ಎಂಬ ಗಿಡ್ಡ ತಳಿಯನ್ನು ಇತ್ತೀಚೆಗೆ ಹೊರತಂದಿವೆ. ಈ ಎರಡೂ ತಳಿಗಳ ಹೆಚ್ಚುಗಾರಿಕೆ ಎತ್ತರ ಮತ್ತು ಅವಧಿಗೆ ಸಂಬಂಧಿಸಿದ್ದು, ಸೊರಗು ರೋಗಕ್ಕಲ್ಲ. ನಂಜನಗೂಡು ರಸಬಾಳೆಯ ಅಂಗಾಂಶ ಕೃಷಿ ಸಸಿಗಳ ಮೇಲೆ ಗಾಮಾ ಕಿರಣ ಹಾಯಿಸುವ ಅಧ್ಯಯನಗಳನ್ನು ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಶೋಧಕರು ನಡೆಸಿದ್ದಾರೆ.

ಈ ಕೆಲಸ ಏಕೆ ನಿಧಾನವೆಂಬುದಕ್ಕೆ ಮುಲ್ಲರ್ ಅವರ ಸೀಸೆಗಳಲ್ಲೇ ಉತ್ತರವಿದೆ. ಕಿರಣಕ್ಕೆ ಗುರಿಯಿಲ್ಲ. ರೋಗನಿರೋಧಕ ಗುಣ ಬರಲಿ ಎಂದು ಅದನ್ನು ಕೇಳಿಕೊಳ್ಳಲಾಗದು. ಎಲ್ಲಿ ಬೇಕಾದರೂ ತಾಗುತ್ತದೆ, ಬಹುಪಾಲು ಕೆಡಿಸುತ್ತದೆ. ಪ್ರಮಾಣ ಹೆಚ್ಚಾದರೆ ಸುಳಿ ಸಾಯುತ್ತದೆ, ಕಡಿಮೆಯಾದರೆ ಏನೂ ಆಗದು. ಬಾಳೆಯಲ್ಲಿ ಪ್ರತಿ ವಂಶವಾಹಿಯೂ ಮೂರು ಪ್ರತಿಗಳಲ್ಲಿ ಇರುವುದರಿಂದ ಒಂದರಲ್ಲಿ ಆದ ಬದಲಾವಣೆಯನ್ನು ಉಳಿದೆರಡು ಮರೆಮಾಡಬಹುದು. ಮೇಲಾಗಿ, ಸುಳಿತುದಿಯಲ್ಲಿ ಅನೇಕ ಜೀವಕೋಶಗಳಿವೆ; ಒಂದು ಕೋಶ ಬದಲಾದರೆ ಪಕ್ಕದವು ಹಾಗೆಯೇ ಉಳಿದು, ಬೆರಕೆ ಗಿಡ ಹುಟ್ಟುತ್ತದೆ. ಅದನ್ನು ಸೀಸೆಯಲ್ಲಿ ಮೂರು ನಾಲ್ಕು ಬಾರಿ ಬಿಡಿಸಿ ಮರುಬೆಳೆಸಿದರಷ್ಟೇ ಬೆರಕೆ ಕಳೆಯುತ್ತದೆ. ಆಮೇಲೆ ಸಾವಿರಾರು ಸಸಿಗಳನ್ನು ರೋಗವಿರುವ ಮಣ್ಣಿನಲ್ಲಿ ನೆಟ್ಟು, ಸಾಯದೆ ಉಳಿದವನ್ನು ಆರಿಸಿ, ಅವುಗಳ ಕಂದುಗಳನ್ನು ಮತ್ತೆ ಪರೀಕ್ಷಿಸಬೇಕು. ಕೊನೆಗೆ ಹಣ್ಣಿಗೆ ರಸಬಾಳೆಯ ಪರಿಮಳ, ರುಚಿ ಉಳಿದಿದೆಯೇ ಎಂದೂ ನೋಡಬೇಕು. ರುಚಿ ಹೋದರೆ ನಂಜನಗೂಡಿನ ಹೆಸರಿಗೆ ಅದರಿಂದ ಪ್ರಯೋಜನವಿಲ್ಲ.

ವಿಸ್ತರಣಾ ಕಾರ್ಯಕರ್ತರಿಗೆ ಪದೇ ಪದೇ ಎದುರಾಗುವ ಎರಡು ಸಂದೇಹಗಳನ್ನು ಇಲ್ಲಿಯೇ ನಿವಾರಿಸಬಹುದು. ಗಾಮಾ ಕಿರಣ ಹಾಯ್ದ ಸಸಿಯಲ್ಲಿ ವಿಕಿರಣ ಉಳಿಯುವುದಿಲ್ಲ. ಅದರ ಹಣ್ಣನ್ನು ತಿನ್ನುವುದರಿಂದ ವಿಕಿರಣದ ಭಯವಿಲ್ಲ. ಮುಲ್ಲರ್ ಎಚ್ಚರಿಸಿದ್ದು ಕಿರಣಕ್ಕೆ ನೇರವಾಗಿ ಒಡ್ಡಿಕೊಳ್ಳುವ ದೇಹದ ಬಗ್ಗೆ. ಎರಡನೆಯದು, ಅಂಗಾಂಶ ಕೃಷಿ ಸಸಿ ಎಂದ ಮಾತ್ರಕ್ಕೆ ರೋಗನಿರೋಧಕ ಎಂದು ಅರ್ಥವಲ್ಲ. ಅದು ರೋಗವಿಲ್ಲದೆ ಪ್ರಯೋಗಾಲಯದಿಂದ ಹೊರಬರುತ್ತದೆ, ಅಷ್ಟೇ. ಸೊರಗು ರೋಗವಿರುವ ನೆಲದಲ್ಲಿ ನೆಟ್ಟರೆ ಅದೂ ಸೊರಗುತ್ತದೆ. ನರಸೀಪುರದ ಕಡೆ ಪಚ್ಚಬಾಳೆ ಗುಂಪಿನ ಜಿ-9 ಸಸಿಗಳು ಚೆನ್ನಾಗಿ ಬಂದುದನ್ನು ಕಂಡು, ಅದೇ ಭರವಸೆಯಿಂದ ರೋಗಪೀಡಿತ ಜಮೀನಿನಲ್ಲಿ ರಸಬಾಳೆಯ ಸಸಿಗಳನ್ನು ನೆಡಬಾರದು.

ರಸಬಾಳೆ ತೋಟ ಸೊರಗಿ ಬಿದ್ದಿರುವಾಗ ನಡುವೆ ಒಂದೆರಡು ಗಿಡ ಹಸಿರಾಗಿ ನಿಂತು ಗೊನೆ ಬಿಟ್ಟಿರುವುದು ಅಪರೂಪಕ್ಕೆ ಕಂಡುಬರಬಹುದು. ಅದು ರೋಗ ತಪ್ಪಿಸಿಕೊಂಡ ಸಾಮಾನ್ಯ ಗಿಡವೇ ಇರಬಹುದು. ತಾನಾಗಿ ಉತ್ಪರಿವರ್ತನೆಗೊಂಡ ಗಿಡವೂ ಇರಬಹುದು. ಅಂತಹ ಗಿಡವನ್ನು ಕಡಿಯದೆ, ಗುರುತು ಕಟ್ಟಿ, ನೆಟ್ಟ ದಿನ ಮತ್ತು ಸುತ್ತಲಿನ ಎಷ್ಟು ಗಿಡ ಸತ್ತವೆಂಬುದನ್ನು ಬರೆದಿಟ್ಟು, ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರಕ್ಕೆ ಅಥವಾ ತಾಲ್ಲೂಕು ತೋಟಗಾರಿಕೆ ಕಚೇರಿಗೆ ತಿಳಿಸಬೇಕು. ಅದರ ಕಂದುಗಳನ್ನು ಕಿತ್ತು ನೆರೆಹೊರೆಯವರಿಗೆ ಹಂಚಬಾರದು. ಗಿಡ ಆರೋಗ್ಯವಾಗಿ ಕಂಡರೂ ಅದರ ಬೇರಿನ ಮಣ್ಣಿನಲ್ಲಿ ಶಿಲೀಂಧ್ರ ಇದ್ದೇ ಇರುತ್ತದೆ.